ಉದ್ದನೆಯ ಹೋಸ್ ಯಾಕೆ, ಎಲ್ಲರದೂ ಒಂದೇ ಥರ ಯಾಕೆ?

ಕಳೆದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ: "ನೀರೊಳಗಿನ ಗುಹೆಗೋ, ಡಿಕಂಪ್ರೆಶನ್ ಬೇಕಾಗುವಷ್ಟು ಆಳಕ್ಕೋ ತಂಡವಾಗಿ ಇಳಿಯುವವರು ಸಾಮಾನನ್ನೆಲ್ಲ ಒಂದೇ ಥರ ಕಟ್ಟಿಕೊಳ್ಳಬೇಕು." ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಆ ಒಂದು ಸಾಲಿನ ಮೇಲೆಯೇ. ಕೆಲವರಿಗೆ ಸಿಟ್ಟು ಬಂದಿದೆ. ಕೆಲವರು ತಮಗಾದ ಬೇಸರ ತೋಡಿಕೊಂಡಿದ್ದಾರೆ. ಹಾಗಾಗಿ ಈ ಕಂತು ಪೂರ್ತಿ ಇದಕ್ಕೇ.

ಹೊಸದಾಗಿ ಓದುವವರಿಗೆ ಒಂದು ಮಾತು. ಎಡವಟ್ಟಾದ ಕೂಡಲೇ ನೇರ ಮೇಲೆ ಬಂದುಬಿಡಲು ಆಗದ ಡೈವಿಂಗನ್ನು ಟೆಕ್ನಿಕಲ್ ಡೈವಿಂಗ್ ಅನ್ನುತ್ತೇವೆ. ತಲೆಯ ಮೇಲೆ ಬಂಡೆ ಇರಬಹುದು, ಮುಳುಗಿದ ಹಡಗಿನ ಛಾವಣಿ ಇರಬಹುದು. ಏನೂ ಇಲ್ಲದಿದ್ದರೂ, ಮೈಯಲ್ಲಿ ಕರಗಿದ ಅನಿಲ ನಿಧಾನವಾಗಿ ಹೊರಹೋಗಲಿ ಎಂದು ನಡುನೀರಿನಲ್ಲಿ ಇಷ್ಟಿಷ್ಟು ಹೊತ್ತು ನಿಲ್ಲಲೇಬೇಕಿರುತ್ತದೆ. ಇದೇ ಡಿಕಂಪ್ರೆಶನ್.

ಪ್ರಶ್ನೆ: ಮೇಡಂ, ಐದು ವರ್ಷದಿಂದ ಸಾಮಾನ್ಯ ಸ್ಕೂಬಾ ಮಾಡುತ್ತಿದ್ದೇನೆ. ಇನ್ನೊಬ್ಬರಿಗೆ ಕೊಡಲು ಹಳದಿ ಬಣ್ಣದ ಬೇರೆಯೇ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಇದೆ. ಈಗ ಸೇರಿರುವ ಟೆಕ್ನಿಕಲ್ ಕೋರ್ಸಿನಲ್ಲಿ ನನ್ನ ಬಾಯಲ್ಲಿ ಇರುವುದನ್ನೇ ತೆಗೆದು ಕೊಡಬೇಕಂತೆ. ಅದಕ್ಕೆ ಏಳಡಿ ಹೋಸ್ ಬೇರೆ. ನೀರೊಳಗೆ ತನ್ನ ಉಸಿರನ್ನೇ ಕಿತ್ತು ಕೊಡುವುದು ಹುಚ್ಚಲ್ವಾ?

ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಒಂದು ದಿನ, ನಮ್ಮ ತಂಡದವರಲ್ಲದ ಒಬ್ಬರು ಕತ್ತಲಲ್ಲಿ ನನ್ನತ್ತ ಈಜಿಕೊಂಡು ಬಂದರು. ಕೈಸನ್ನೆ ಇಲ್ಲ, ಏನಿಲ್ಲ. ಮಾಸ್ಕಿನ ಹಿಂದೆ ಅವರ ಕಣ್ಣು ಮಾತ್ರ ಕಾಣುತ್ತಿತ್ತು. ಎರಡೂ ಕೈಯಲ್ಲಿ ನನ್ನ ಬಾಯಲ್ಲಿದ್ದುದನ್ನೇ ಹಿಡಿದು ಎಳೆದರು. ಹಳದಿ ಬಣ್ಣ ಹುಡುಕುವಷ್ಟು ವ್ಯವಧಾನ ಅವರಿಗೆ ಎಲ್ಲಿತ್ತು? ಗಾಳಿಯಿಲ್ಲದವರಿಗೆ ಕಾಣುವುದು ಗುಳ್ಳೆ ಬರುತ್ತಿರುವ ಜಾಗ ಒಂದೇ. ಏಳಡಿ ಹೋಸ್ ಸಲೀಸಾಗಿ ಬಿಚ್ಚಿಕೊಂಡು ಅವರ ಜೊತೆ ಹೋಯಿತು. ನಾನು ಗಲ್ಲ ತಗ್ಗಿಸಿ, ಎಲಾಸ್ಟಿಕ್ ಹಗ್ಗದಲ್ಲಿ ಕತ್ತಿಗೆ ಕಟ್ಟಿಕೊಂಡಿದ್ದ ಎರಡನೇ ರೆಗ್ಯುಲೇಟರನ್ನು ಬಾಯಿಗೆ ತೆಗೆದುಕೊಂಡೆ. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ.

ಇದಕ್ಕೆ ಇನ್ನೂ ಗಟ್ಟಿಯಾದ ಕಾರಣವಿದೆ. ನಿಮ್ಮ ಬಾಯಲ್ಲಿರುವ ರೆಗ್ಯುಲೇಟರ್ ಕೆಲಸ ಮಾಡುತ್ತಿದೆ, ಅದರಲ್ಲಿ ಬರುತ್ತಿರುವುದು ಆ ಆಳಕ್ಕೆ ಸರಿಯಾದ ಅನಿಲ. ಈ ಎರಡೂ ನಿಮಗೆ ಖಂಡಿತ ಗೊತ್ತು. ಎದೆ ಮೇಲೆ ನೇತಾಡುತ್ತಿದ್ದುದರಲ್ಲಿ ಕೆಸರು ಹೊಕ್ಕಿದೆಯೋ ಇಲ್ಲವೋ ಗೊತ್ತಿಲ್ಲ. ಗಾಬರಿಯಲ್ಲಿರುವವರಿಗೆ ಗ್ಯಾರಂಟಿ ಇರುವುದನ್ನು ಕೊಡಬೇಕು. ಸಮಾಧಾನವಾಗಿರುವ ನೀವು ಇನ್ನೊಂದನ್ನು ನೋಡಿಕೊಳ್ಳಬಹುದು.

ಏಳಡಿ, ಅಂದರೆ ಸುಮಾರು 2.1 ಮೀಟರ್. ಇಬ್ಬರು ಅಕ್ಕಪಕ್ಕ ಈಜಲಾಗದ ಇಕ್ಕಟ್ಟಿನಲ್ಲಿ ಒಬ್ಬರ ಹಿಂದೆ ಒಬ್ಬರು ಹೊರಬರಲಿ ಎಂದು ಅಷ್ಟು ಉದ್ದ. ಆ ಹೋಸ್ ಬಲಗಡೆಯ ವಾಲ್ವಿನಿಂದಲೇ ಬರಬೇಕು ಅನ್ನುತ್ತಾರಲ್ಲ, ಅದೂ ಸುಮ್ನೆ ಅಲ್ಲ. ಜೋಡಿ ಸಿಲಿಂಡರ್ ಹೊತ್ತು ಮುಂದಕ್ಕೆ ಈಜುವಾಗ ವಾಲ್ವಿನ ಗುಬುಟು ಗುಹೆಯ ಚಾವಣಿಗೆ ಉಜ್ಜಿದರೆ, ಎಡಗಡೆಯದು ಮುಚ್ಚುವ ಕಡೆಗೆ ತಿರುಗುತ್ತದೆ, ಬಲಗಡೆಯದು ತೆರೆಯುವ ಕಡೆಗೆ. ಇನ್ನೊಬ್ಬರಿಗೆ ಕೊಡುವ ಉಸಿರು ತಾನಾಗಿ ಮುಚ್ಚಿಕೊಳ್ಳದ ಕಡೆಯಿಂದ ಬರಲಿ ಅಂತ.

ಪ್ರಶ್ನೆ: ಹೀಗೇ ಕಟ್ಟಿಕೊಳ್ಳಬೇಕು ಎಂದು ಹೇಳಿದವರು ಯಾರು? ಯಾವ ದೇಶದ ಕಾನೂನು ಇದು?

ಯಾವ ಕಾನೂನೂ ಅಲ್ಲ. ಸತ್ತವರ ಲೆಕ್ಕ ನೋಡಿ ಬದುಕಿದವರು ಕಲಿತದ್ದು. ಅಮೆರಿಕದ ಫ್ಲಾರಿಡಾದಲ್ಲಿ ನೆಲದಡಿಯ ನೀರಿನ ಗುಹೆಗಳು ಬಹಳ. ಅಲ್ಲಿ ಡೈವರುಗಳು ಸಾಲಾಗಿ ಸಾಯುತ್ತಿದ್ದ ಕಾಲದಲ್ಲಿ ಶೆಕ್ ಎಕ್ಸ್‌ಲಿ ಎಂಬ ಗುಹೆ ಡೈವರ್ ಒಂದೊಂದು ಸಾವನ್ನೂ ಬಿಡಿಸಿ ನೋಡಿದರು. 1979ರಲ್ಲಿ ಅದನ್ನು ಪುಸ್ತಕವಾಗಿ ತಂದರು. ಹೊರಗಿನವರೆಗೂ ಕಡಿಯದ ದಾರ ಇರಬೇಕು. ಅನಿಲದ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ಆಪತ್ತಿಗೆ. ಇವೆಲ್ಲ ಆ ದಾರಿಯಲ್ಲೇ ಗಟ್ಟಿಯಾದ ನಿಯಮಗಳು.

ಸಾಮಾನು ಕಟ್ಟುವ ರೀತಿ ಬೆಳೆದದ್ದೂ ಅಲ್ಲೇ. ವಿಲಿಯಂ ಹೊಗಾರ್ತ್ ಮೇನ್ ಎಂಬ ಡೈವರ್, ಬೇಡದ್ದನ್ನೆಲ್ಲ ತೆಗೆದು ಬೇಕಾದ್ದನ್ನು ಮಾತ್ರ ಮೈಗೆ ಅಂಟಿದಂತೆ ಇಟ್ಟುಕೊಳ್ಳುವುದರಲ್ಲಿ ಮಹಾ ಹಟಗಾರ. ಅವರ ನಡುಹೆಸರಿನಿಂದ ಆ ಜೋಡಣೆಗೆ ಹೊಗಾರ್ತಿಯನ್ ಎಂಬ ಹೆಸರು ಬಂತು. ವಕುಲ್ಲಾ ಬುಗ್ಗೆಯ ಸುತ್ತಲಿನ ಗುಹೆಗಳನ್ನು ಶೋಧಿಸುತ್ತಿದ್ದ ವುಡ್‌ವಿಲ್ ಕಾರ್ಸ್ಟ್ ಪ್ಲೇನ್ ಪ್ರಾಜೆಕ್ಟ್ ತಂಡ 1990ರ ದಶಕದಲ್ಲಿ ಅದನ್ನು ಎಲ್ಲರಿಗೂ ಕಡ್ಡಾಯ ಮಾಡಿತು. ತಂಡವನ್ನು ನಡೆಸುತ್ತಿದ್ದವರು ಜಾರ್ಜ್ ಅರ್ವಿನ್. 'ಡೂಯಿಂಗ್ ಇಟ್ ರೈಟ್', ಅಂದರೆ 'ಸರಿಯಾಗಿ ಮಾಡುವುದು' ಎಂಬ ಹೆಸರು ಹರಡಿದ್ದು ಆಗ. ಅದೇ ತಂಡದ ಜರೊಡ್ ಜಬ್ಲಾನ್‌ಸ್ಕಿ 1998ರಲ್ಲಿ ಗ್ಲೋಬಲ್ ಅಂಡರ್‌ವಾಟರ್ ಎಕ್ಸ್‌ಪ್ಲೋರರ್ಸ್ ಸಂಸ್ಥೆ ಕಟ್ಟಿ ಇದನ್ನು ಕಲಿಸಲು ಶುರುಮಾಡಿದರು. 2007ರ ಡಿಸೆಂಬರಿನಲ್ಲಿ ಅವರೂ ಕೇಸಿ ಮೆಕಿನ್ಲೆಯೂ ಟರ್ನರ್ ಸಿಂಕ್ ಎಂಬ ಬಾವಿಯಂಥ ಗುಂಡಿಯಲ್ಲಿ ಇಳಿದು, ಸುಮಾರು 90 ಮೀಟರ್ ಆಳದಲ್ಲಿ ಹತ್ತಿರಹತ್ತಿರ 11 ಕಿಲೋಮೀಟರ್ ಸಾಗಿ, ವಕುಲ್ಲಾದಲ್ಲಿ ಎದ್ದರು. ಡಿಕಂಪ್ರೆಶನ್‌ಗೇ ಅರ್ಧ ದಿನಕ್ಕಿಂತ ಜಾಸ್ತಿ ಹಿಡಿಯಿತು. ಇಬ್ಬರದೂ ಸಾಮಾನು ಒಂದೇ ಥರ ಇಲ್ಲದೆ ಅಂಥ ಕೆಲಸ ಸಾಧ್ಯ ಎಂದು ನಾನು ನಂಬುವುದಿಲ್ಲ.

ಆದರೆ ಒಂದು ನೋವಿನ ಮಾತನ್ನೂ ಹೇಳಲೇಬೇಕು. ಆ ದಿನಗಳಲ್ಲಿ ಬೇರೆ ಥರ ಕಟ್ಟಿಕೊಂಡವರನ್ನು 'ಸ್ಟ್ರೋಕ್' ಎಂದು ಹೀಗಳೆಯುವ ಚಾಳಿ ಬೆಳೆಯಿತು. ಒಳ್ಳೆಯ ವಿಚಾರ ಕೆಟ್ಟ ಬಾಯಲ್ಲಿ ಬಂತು. ಎಷ್ಟೋ ಜನ ಆ ಬೈಗುಳಕ್ಕೆ ಹೇಸಿ ಉದ್ದ ಹೋಸನ್ನೂ ಬೇಡವೆಂದರು. ಕಾರಣ ತಿಳಿಸಿ ಹೇಳಿದ್ದರೆ ಅವರಲ್ಲಿ ಬಹಳ ಮಂದಿ ಒಪ್ಪುತ್ತಿದ್ದರು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಪ್ರಶ್ನೆ: ಅಕ್ಕಾ, ನನಗೆ 24 ವರ್ಷ. ನೂರಕ್ಕೂ ಜಾಸ್ತಿ ಡೈವ್ ಆಗಿದೆ. ಪ್ರತಿ ಸಲ ನೀರಿಗಿಳಿಯುವ ಮೊದಲು ತಲೆಯಿಂದ ಕಾಲಿನವರೆಗೆ ಒಬ್ಬರ ಸಾಮಾನನ್ನು ಇನ್ನೊಬ್ಬರು ಮುಟ್ಟಿ ನೋಡಬೇಕು, ವಾಲ್ವ್ ಒಂದೊಂದಾಗಿ ತಿರುಗಿಸಿ ನೋಡಬೇಕು. ಹತ್ತು ನಿಮಿಷ ಹಾಳು. ಇನ್ನೂ ಬೇಕಾ ಇದು?

ಬೇಕು ತಮ್ಮಾ. ಯಾಕೆ ಎಂದು ನನ್ನದೇ ಕಥೆಯಲ್ಲಿ ಹೇಳುತ್ತೇನೆ. ಇದನ್ನು ಬರೆಯುವಾಗ ಈಗಲೂ ಅಂಗೈ ಬೆವರುತ್ತದೆ.

ಬೆನ್ನಿನ ಜೋಡಿ ಸಿಲಿಂಡರುಗಳನ್ನು ಸೇರಿಸುವ ಕೊಳವೆಯ ನಡುವೆ ಒಂದು ವಾಲ್ವ್ ಇರುತ್ತದೆ ಅಲ್ವಾ, ಐಸೊಲೇಟರ್? ಅದು ತೆರೆದಿದ್ದರೆ ಎರಡೂ ಸಿಲಿಂಡರ್ ಒಂದೇ ಲೆಕ್ಕ. ಮುಚ್ಚಿದರೆ ಬೇರೆ ಬೇರೆ. ಹಿಂದಿನ ದಿನ ಅಭ್ಯಾಸ ಮಾಡುವಾಗ ನಾನು ಅದನ್ನು ಮುಚ್ಚಿದ್ದೆ. ತೆರೆಯಲು ಮರೆತೆ. ಸಿಲಿಂಡರುಗಳನ್ನು ಹಾಗೇ ತುಂಬಿಸಲು ಕೊಟ್ಟೆ. ತುಂಬಿಸಿದವರು ಎಡಗಡೆಯ ವಾಲ್ವಿನಿಂದ ತುಂಬಿಸಿದರು. ಎಡದ ಸಿಲಿಂಡರಿನಲ್ಲಿ ಒತ್ತಡ 220 ಬಾರ್. ಬಲದ್ದರಲ್ಲಿ ಹಿಂದಿನ ದಿನ ಉಳಿದಿದ್ದ 90 ಬಾರ್ ಹಾಗೇ ಇತ್ತು.

ನಮ್ಮ ಜೋಡಣೆಯಲ್ಲಿ ಒತ್ತಡ ತೋರಿಸುವ ಗೇಜ್ ಎಡಗಡೆಗೆ. ಅದು 220 ತೋರಿಸಿತು. ಬಾಯಲ್ಲಿದ್ದ ಉದ್ದ ಹೋಸ್ ಬಲಗಡೆಯದು. ಆ ದಿನ ತಡವಾಗಿತ್ತು, ಅಲೆ ಜಾಸ್ತಿ ಇತ್ತು, ದೋಣಿಯಲ್ಲಿ ಪರೀಕ್ಷೆ ಬೇಡ ಎಂದವಳು ನಾನೇ. 30 ಮೀಟರಿಗೆ ಇಳಿದೆವು. ಒಂಬತ್ತನೇ ನಿಮಿಷಕ್ಕೆ ಗೇಜ್ ನೋಡಿದೆ. ಮುಳ್ಳು ಅಲ್ಲಾಡಿಲ್ಲ. ಒಂದು ಕ್ಷಣ ಖುಷಿಯಾಯಿತು, ಇವತ್ತು ಉಸಿರು ಎಷ್ಟು ಹದವಾಗಿದೆ ಅಂತ. ಮರುಕ್ಷಣ ಹೊಟ್ಟೆಯೊಳಗೆ ತಣ್ಣಗಾಯಿತು. ಯಾರ ಉಸಿರೂ ಅಷ್ಟು ಹದ ಇರಲ್ಲ.

ಗೇಜನ್ನು ಜೊತೆಗಾರನಿಗೆ ತೋರಿಸಿದೆ. ಅವನ ಗೇಜೂ ಎಡಗಡೆಗೇ, ಉದ್ದ ಹೋಸೂ ಬಲಗಡೆಯದೇ. ಹಾಗಾಗಿ ನಾನು ಏನೂ ಹೇಳಬೇಕಾಗಲಿಲ್ಲ. ನೇರ ನನ್ನ ಹಿಂದೆ ಬಂದು ಐಸೊಲೇಟರಿಗೆ ಕೈ ಹಾಕಿದ. ತೆರೆದಾಗ ಅನಿಲ ಒಂದರಿಂದ ಇನ್ನೊಂದಕ್ಕೆ ನುಗ್ಗುವ ಸುಯ್ ಎಂಬ ಸದ್ದು ಬೆನ್ನಿನಲ್ಲೇ ಕೇಳಿಸಿತು. ಗೇಜಿನ ಮುಳ್ಳು 130ರ ಹತ್ತಿರಕ್ಕೆ ಬಂದು ನಿಂತಿತು. ಲೆಕ್ಕ ಹಾಕಿ ನೋಡು. ಬಲಗಡೆಯ 12 ಲೀಟರ್ ಸಿಲಿಂಡರಿನಲ್ಲಿ ಉಳಿದಿದ್ದುದು 40 ಬಾರಿಗೂ ಕಡಿಮೆ. ಅಷ್ಟು ಆಳದಲ್ಲಿ ಐದಾರು ನಿಮಿಷದ ಉಸಿರು.

ನಾನು ಸಾಯುತ್ತಿದ್ದೆನೇ? ಇಲ್ಲ. ಕತ್ತಿನ ಕೆಳಗಿನ ರೆಗ್ಯುಲೇಟರ್ ಎಡಗಡೆಯದು, ಅಲ್ಲಿ ಸಿಲಿಂಡರ್ ತುಂಬಿತ್ತು. ಆದರೆ ಆ ಹೊತ್ತಿಗೆ ಜೊತೆಗಾರನಿಗೆ ಗಾಳಿ ಬೇಕಾಗಿದ್ದರೆ? ನಾನು ಪೂರ್ತಿ ಭರವಸೆಯಿಂದ ಉದ್ದ ಹೋಸ್ ಕೊಡುತ್ತಿದ್ದೆ. ಅವನು ಪೂರ್ತಿ ಭರವಸೆಯಿಂದ ತೆಗೆದುಕೊಳ್ಳುತ್ತಿದ್ದ. ಗೇಜ್ 220 ತೋರಿಸುತ್ತಲೇ ಇರುತ್ತಿತ್ತು. ಅವನ ಬಾಯಲ್ಲಿ ಉಸಿರು ನಿಲ್ಲುತ್ತಿತ್ತು.

ಸುಮಾರು ಹೊತ್ತು ತುಂಬಿಸಿದವರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಆದರೆ ಮುಚ್ಚಿದ ಕೈ ನನ್ನದು. ಪರೀಕ್ಷೆ ಬೇಡ ಎಂದ ಬಾಯಿಯೂ ನನ್ನದು. ನಿನ್ನ ನೂರು ಡೈವಿನ ಅನುಭವ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆ ದಿನ ನನ್ನದು ನಿನ್ನದಕ್ಕಿಂತ ಬಹಳ ಜಾಸ್ತಿ ಆಗಿತ್ತು.

ಪ್ರಶ್ನೆ: 50 ಮೀಟರಿಗೆ ಉಸಿರಾಡಲು ಯಾವ ಅನಿಲಮಿಶ್ರಣ ಸರಿ ಎಂದು ಮಣಿಕಟ್ಟಿನ ಡೈವ್ ಕಂಪ್ಯೂಟರೇ ಕರಾರುವಾಕ್ಕಾಗಿ ಹೇಳುವಾಗ, ನಾಲ್ಕೈದು ಸ್ಟ್ಯಾಂಡರ್ಡ್ ಮಿಶ್ರಣಗಳಿಗೇ ಗಂಟುಬೀಳುವುದು ಹಿಂದುಳಿದ ಪದ್ಧತಿ ಅಲ್ಲವೇ? ಸಿಲಿಂಡರಿಗೆ ಬಣ್ಣ ಹಚ್ಚಬೇಡಿ ಅನ್ನುವುದೂ ಅರ್ಥವಾಗುತ್ತಿಲ್ಲ.

ಲೆಕ್ಕದಲ್ಲಿ ನೀವು ಹೇಳುವುದು ಸರಿ. 50 ಮೀಟರಿನಲ್ಲಿ ಒತ್ತಡ 6 ಬಾರ್. ಆಕ್ಸಿಜನ್ನಿನ ಪಾಲು 1.4 ಬಾರಿನವರೆಗೆ ಬಿಟ್ಟುಕೊಂಡರೆ ಶೇ. 23ರ ಮಿಶ್ರಣ ತುಂಬಬಹುದು. ನಾನು ತುಂಬುವುದು 18/45, ಅಂದರೆ ಶೇ. 18 ಆಕ್ಸಿಜನ್, ಶೇ. 45 ಹೀಲಿಯಂ, ಉಳಿದದ್ದು ನೈಟ್ರೋಜನ್. ಇದರಲ್ಲಿ ಆಕ್ಸಿಜನ್ ಪಾಲು ಸುಮಾರು 1.1 ಬಾರ್ ಆಗುತ್ತದೆ. ಇನ್ನೂ ಆಳಕ್ಕೆ, 60 ಮೀಟರಿಗೆ ಹೋದರೂ ಸುಮಾರು 1.3. ಆ ಆಳದಲ್ಲೂ ಆಕ್ಸಿಜನ್, ನೈಟ್ರೋಜನ್ ಎರಡರ ಅಮಲು ಸೇರಿ, 30 ಮೀಟರಿನಲ್ಲಿ ಬರೀ ಗಾಳಿ ಉಸಿರಾಡಿದಷ್ಟನ್ನು ದಾಟುವುದಿಲ್ಲ. ನಿಮ್ಮ ಮಿಶ್ರಣದ ಮುಂದೆ ನನಗೆ ಕೆಲವು ನಿಮಿಷ ಡಿಕಂಪ್ರೆಶನ್ ಜಾಸ್ತಿ ಆಗಬಹುದು. ಆಗಲಿ. ತಂಡದ ಮೂವರಲ್ಲೂ ಒಂದೇ ಅನಿಲ ಇದೆ, ನಿಲ್ಲಬೇಕಾದ ಆಳಗಳು ಮೂವರ ತಲೆಯಲ್ಲೂ ಇವೆ. ಒಬ್ಬರ ಕಂಪ್ಯೂಟರ್ ಕೆಟ್ಟರೆ ಇನ್ನಿಬ್ಬರ ಜೊತೆ ಬರಬಹುದು. ನಿಮ್ಮ ಕರಾರುವಾಕ್ಕು ಮಿಶ್ರಣದ ಲೆಕ್ಕ ನಿಮ್ಮೊಬ್ಬರ ಮಣಿಕಟ್ಟಿನಲ್ಲಿ ಮಾತ್ರ ಇರುತ್ತದೆ.

ಬಣ್ಣದ ವಿಚಾರ. ಮೇಲೆ ಬರುವಾಗ ಶೇ. 50ರ ಮಿಶ್ರಣವನ್ನು 21 ಮೀಟರಿನಿಂದ ಉಸಿರಾಡುತ್ತೇವೆ, ಶುದ್ಧ ಆಕ್ಸಿಜನ್ನನ್ನು 6 ಮೀಟರಿನಿಂದ. ಎರಡೂ ಸಿಲಿಂಡರ್ ಮೈಮೇಲೇ ಇರುತ್ತವೆ. ಅದಲುಬದಲಾಗಿ 21 ಮೀಟರಿನಲ್ಲಿ ಆಕ್ಸಿಜನ್ ಬಾಯಿಗೆ ಹೋದರೆ ಅದರ ಪಾಲು 3.1 ಬಾರ್. ಫಿಟ್ಸ್ ಬರುತ್ತದೆ, ಬಾಯಿಯಿಂದ ರೆಗ್ಯುಲೇಟರ್ ಬೀಳುತ್ತದೆ, ಮುಳುಗುತ್ತಾರೆ. ಹೀಗೆ ಸತ್ತವರಿದ್ದಾರೆ. ಹಸಿರು, ಹಳದಿ ಟೇಪು ಕತ್ತಲಲ್ಲಿ, ಕೆಸರುನೀರಿನಲ್ಲಿ ನಂಬುವ ವಸ್ತುವಲ್ಲ. ಆಳ ಇಳಿದಂತೆ ನೀರೇ ಬಣ್ಣ ನುಂಗುತ್ತದೆ. ಬಣ್ಣದ ಮೇಲೆ ನಂಬಿಕೆ ಬಂದರೆ ಕೈ ತಾನಾಗಿ ಹೋಗುತ್ತದೆ, ಕಣ್ಣು ಓದುವುದಿಲ್ಲ. ಅದಕ್ಕೇ ಸಿಲಿಂಡರಿನ ಮೇಲೆ ಗರಿಷ್ಠ ಆಳವನ್ನು ಅಂಗೈಯಗಲ ಅಂಕಿಯಲ್ಲಿ ಬರೆಯುತ್ತೇವೆ, 21 ಎಂದೋ 6 ಎಂದೋ. ಅಂಕಿಯನ್ನು ಜೊತೆಗಾರರಿಗೆ ತೋರಿಸಿ, ಅವರು ತಲೆಯಾಡಿಸಿದ ಮೇಲೆ ವಾಲ್ವ್ ತೆರೆದು, ಹೋಸನ್ನು ಸಿಲಿಂಡರಿನಿಂದ ಬಾಯಿಯವರೆಗೆ ಕೈಯಲ್ಲಿ ಸವರಿಕೊಂಡು ಬಂದು, ಆಮೇಲೆ ಉಸಿರು. ಬಣ್ಣ ಹಚ್ಚುವ ಒಳ್ಳೆಯ ಡೈವರುಗಳನ್ನೂ ಬಲ್ಲೆ. ಅವರೂ ಅಂಕಿ ಓದುವವರೇ.

ಪ್ರಶ್ನೆ: 2018ರಲ್ಲಿ ಥಾಯ್ಲೆಂಡಿನ ತಾಮ್ ಲುವಾಂಗ್ ಗುಹೆಯಲ್ಲಿ ಮಕ್ಕಳನ್ನು ಉಳಿಸಿದ ಬ್ರಿಟಿಷ್ ಡೈವರುಗಳು ನಿಮ್ಮ ಪದ್ಧತಿಯವರಲ್ಲ. ಸಿಲಿಂಡರ್ ಪಕ್ಕೆಗೆ ಕಟ್ಟಿಕೊಂಡು, ತಮಗೆ ಬೇಕಾದ ಹಾಗೆ ಸಾಮಾನು ಮಾಡಿಕೊಂಡವರು. ಇದಕ್ಕೇನು ಹೇಳುತ್ತೀರಿ?

ತಲೆಬಾಗುತ್ತೇನೆ. ರಿಕ್ ಸ್ಟ್ಯಾಂಟನ್, ಜಾನ್ ವೊಲಾಂಥನ್ ಜುಲೈ 2ರಂದು ಆ 12 ಹುಡುಗರನ್ನೂ ಅವರ ಕೋಚನ್ನೂ ಕಂಡುಹಿಡಿದರು. ಜುಲೈ 10ರ ಹೊತ್ತಿಗೆ ಎಲ್ಲರೂ ಹೊರಗಿದ್ದರು. ಬ್ರಿಟನ್ನಿನ ಗುಹೆಗಳಲ್ಲಿ ನೀರು ತುಂಬಿದ ತುಂಡುಗಳು ಇಕ್ಕಟ್ಟು, ತಣ್ಣಗೆ, ಏನೂ ಕಾಣದಷ್ಟು ಕೆಸರು. ತೆವಳಿಕೊಂಡು ಹೋಗಬೇಕಾದ ಅಂಥ ಬಿಲದಲ್ಲಿ ಹಿಂದಿರುವವರು ಮುಂದಿರುವವರಿಗೆ ಏನೂ ಮಾಡಲಾರರು. ಅದಕ್ಕೆ ಅಲ್ಲಿ ಒಬ್ಬರೇ ಹೋಗುವುದು, ಎರಡು ಬೇರೆ ಬೇರೆ ಸಿಲಿಂಡರ್ ಪಕ್ಕೆಗೆ ಕಟ್ಟಿಕೊಳ್ಳುವುದು, ತನ್ನ ಕಷ್ಟ ತಾನೇ ನೋಡಿಕೊಳ್ಳುವುದು ವಾಡಿಕೆ. ಫ್ಲಾರಿಡಾದ ಅಗಲ ಸುರಂಗದ ಪದ್ಧತಿಯನ್ನು ಅಲ್ಲಿಗೆ ಹೊತ್ತೊಯ್ದರೆ ಬೆನ್ನಿನ ಜೋಡಿ ಸಿಲಿಂಡರ್ ಗುಹೆಯ ಬಾಯಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಕಳೆದ ಸಂಚಿಕೆಯ ನನ್ನ ಸಾಲು ತಂಡವಾಗಿ ಇಳಿಯುವವರಿಗೆ ಮಾತ್ರ.

ಇನ್ನೊಂದು ಕಡೆಯೂ ನೋಡಿ. ಮಕ್ಕಳನ್ನು ಹೊರತರುವ ಕೆಲಸಕ್ಕೆ ಅವರು ಕೈಹಾಕಿದಾಗ ಎಲ್ಲವನ್ನೂ ಮೊದಲೇ ಒಂದೇ ಥರ ಗೊತ್ತುಮಾಡಿಕೊಂಡರು. ಮುಖ ಪೂರ್ತಿ ಮುಚ್ಚುವ ಮಾಸ್ಕ್, ಎದೆಯ ಕಡೆಗೆ ಕಟ್ಟಿದ ಸಿಲಿಂಡರ್. ಈಜುಕೊಳದಲ್ಲಿ ಅಲ್ಲಿನ ಮಕ್ಕಳ ಜೊತೆ ಮೊದಲು ಮಾಡಿ ನೋಡಿದರು. ಆಮೇಲೇ ಗುಹೆಗೆ ಹೋದದ್ದು.

ಪ್ರಶ್ನೆ: ಮೇಡಂ, ಡಿಕಂಪ್ರೆಶನ್‌ಗೆ ಮೇಲೆ ಬರುವಾಗ ಆಳದಲ್ಲೇ ನಿಲ್ಲಲು ಶುರುಮಾಡಿ ಎಂದು ಹಿಂದೆ ಕಲಿಸಿದಿರಿ. ಈಗ ಬೇಡ ಅನ್ನುತ್ತೀರಿ. ನಿಮ್ಮ ಸ್ಟ್ಯಾಂಡರ್ಡ್ ನಂಬುವುದು ಹೇಗೆ?

ಈ ಪತ್ರ ಬರೆದವರು ನನ್ನ ಹಳೆಯ ವಿದ್ಯಾರ್ಥಿ. ಕೇಳುವ ಹಕ್ಕು ಅವರಿಗೆ ಪೂರ್ತಿ ಇದೆ.

ಆಗ ನಮ್ಮಲ್ಲಿ ಬಹಳ ಮಂದಿ ಹಾಗೇ ನಂಬಿದ್ದೆವು. ಆಳದಲ್ಲೇ ಕೆಲವು ನಿಮಿಷ ನಿಂತರೆ ಮೈಯೊಳಗೆ ಅನಿಲದ ಗುಳ್ಳೆ ಹುಟ್ಟುವುದೇ ಇಲ್ಲ ಎಂದು. ಹಾಗೆ ಬಂದ ದಿನ ಮೈ ಹಗುರ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. 2011ರಲ್ಲಿ ಅಮೆರಿಕ ನೌಕಾಪಡೆಯ ಡೈವಿಂಗ್ ಪ್ರಯೋಗ ಘಟಕದ ವರದಿ ಬಂತು. 170 ಅಡಿ ಆಳ, 30 ನಿಮಿಷ, ಎರಡು ಗುಂಪು. ನಿಲ್ಲುವ ಒಟ್ಟು ಹೊತ್ತು ಇಬ್ಬರಿಗೂ ಒಂದೇ. ಒಂದು ಗುಂಪು ಆಳದಲ್ಲಿ ಜಾಸ್ತಿ ನಿಂತಿತು, ಇನ್ನೊಂದು ಮೇಲೆ ಜಾಸ್ತಿ ನಿಂತಿತು. ಆಳದಲ್ಲಿ ನಿಂತವರಿಗೇ ಡಿಕಂಪ್ರೆಶನ್ ಕಾಯಿಲೆ ಜಾಸ್ತಿ ಬಂತು. ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ನಾವು ಆಳದಲ್ಲಿ ನಿಂತಷ್ಟು ಹೊತ್ತೂ ಅನಿಲವನ್ನು ನಿಧಾನವಾಗಿ ಹೀರುವ ಮೈಯ ಭಾಗಗಳು ಅದನ್ನು ಇನ್ನೂ ಹೀರಿಕೊಳ್ಳುತ್ತಲೇ ಇರುತ್ತವೆ ಎಂಬುದು ಅದರ ಹಿಂದಿನ ತರ್ಕ.

ಓದಿದಾಗ ನನಗೆ ನಿದ್ದೆ ಬರಲಿಲ್ಲ. ತಂಡದವರೆಲ್ಲ ಒಂದೇ ಥರ ಮಾಡುವುದರ ಅಪಾಯ ಅಲ್ಲಿ ಕಂಡಿತು: ತಪ್ಪಿದ್ದರೆ ಎಲ್ಲರೂ ಒಟ್ಟಿಗೇ ತಪ್ಪುತ್ತಾರೆ, ಪಕ್ಕದಲ್ಲಿ ಹೋಲಿಸಿ ನೋಡಲು ಬೇರೆ ಥರ ಮಾಡಿದವರು ಇರುವುದಿಲ್ಲ. ನಾನು ಕಲಿಸಿದವರಲ್ಲಿ ವಿಳಾಸ ಸಿಕ್ಕಿದವರಿಗೆಲ್ಲ ಕಾಗದ ಬರೆದು, ಬದಲಾಯಿಸಿಕೊಳ್ಳಿ ಎಂದೆ. ನಿಮಗೆ ತಲುಪಿರಲಿಲ್ಲ ಎಂದು ಈಗ ತಿಳಿಯಿತು. ಕ್ಷಮಿಸಿ. ಬಿಟ್ಟ ಉಸಿರನ್ನೇ ಶುದ್ಧಮಾಡಿ ಮತ್ತೆ ಕೊಡುವ ರಿಬ್ರೀದರ್ ಯಂತ್ರದ ಬಗ್ಗೆಯೂ ಇದೇ ಆಯಿತು. ಒಂದು ಕಾಲಕ್ಕೆ ಅದನ್ನು ಅನುಮಾನದಿಂದ ನೋಡುತ್ತಿದ್ದವರೇ ಈಗ ಅದಕ್ಕೂ ಒಂದು ಸ್ಟ್ಯಾಂಡರ್ಡ್ ಜೋಡಣೆ ಮಾಡಿ ಕಲಿಸುತ್ತಿದ್ದಾರೆ. ಹಾಗಾಗಿ ನಿಯಮವನ್ನು ನಂಬಬೇಡಿ, ಅದರ ಕಾರಣ ಕೇಳಿ. ಕಾರಣ ಹೇಳಲಾಗದ ಗುರುವಿನ ಜೊತೆ ನೀರಿಗೆ ಇಳಿಯಬೇಡಿ, ಆ ಗುರು ನಾನೇ ಆಗಿದ್ದರೂ.

ಪ್ರಶ್ನೆ: ನನ್ನ ಎಡಭುಜಕ್ಕೆ ಆಪರೇಷನ್ ಆಗಿದೆ. ಸಿಲಿಂಡರ್ ಹೊರುವ, ತುಂಡಿಲ್ಲದ ಒಂದೇ ಉದ್ದನೆಯ ಪಟ್ಟಿಯ ಹಾರ್ನೆಸ್ಸಿನಿಂದ ಕೈ ಹೊರಗೆ ತೆಗೆಯುವಾಗ ಪ್ರಾಣ ಹೋದಂತಾಗುತ್ತದೆ. ಭುಜದ ಪಟ್ಟಿಗೆ ಒಂದು ಬಕಲ್ ಹಾಕಿಸಲೇ ಎಂದದ್ದಕ್ಕೆ, ಬಕಲ್ ಹಾಕುವವರಿಗೆ ನಮ್ಮ ತಂಡದಲ್ಲಿ ಜಾಗವಿಲ್ಲ ಎಂದರು. ಡೈವಿಂಗ್ ಬಿಡಬೇಕೇ?

ಬಿಡಬೇಡಿ. ಪಟ್ಟಿಯಲ್ಲಿ ತುಂಡು ಬೇಡ ಎನ್ನುವುದಕ್ಕೆ ಕಾರಣ ಸರಳ. ಪ್ಲಾಸ್ಟಿಕ್ ಬಕಲ್ ಒಡೆಯಬಹುದು, ನೀರೊಳಗೆ ತಾನಾಗಿ ಬಿಚ್ಚಿಕೊಳ್ಳಬಹುದು. ಆ ಅಪಾಯ ಇದೆ, ಆದರೆ ಚಿಕ್ಕದು. ದೋಣಿ ಹತ್ತುವಾಗ ಅಲೆಯ ನಡುವೆ ನಿಮ್ಮ ಭುಜ ಜಾರಿದರೆ ಅದು ದೊಡ್ಡದು. ಎಡಪಟ್ಟಿಗೆ ಗಟ್ಟಿಯಾದ ಲೋಹದ ಬಕಲ್ ಒಂದನ್ನು ಹಾಕಿಸಿ. ಕತ್ತಿನ ಹೋಸಿಗೂ ಕ್ಲಿಪ್ಪುಗಳಿಗೂ ಅಡ್ಡ ಬರದ ಎತ್ತರದಲ್ಲಿ ಇರಲಿ. ಅದಕ್ಕಿಂತ ಮುಖ್ಯ, ಹಿಂದಕ್ಕೆ ಕೈ ಹಾಕಿ ಎಡಗಡೆಯ ವಾಲ್ವ್ ಮುಟ್ಟಿ ತಿರುಗಿಸಲು ನಿಮ್ಮ ಎಡಗೈಗೆ ಆಗುತ್ತದೆಯೇ ನೋಡಿ. ಆಗದಿದ್ದರೆ ಜೋಡಿ ಸಿಲಿಂಡರ್ ಬಿಟ್ಟು, ಸಿಲಿಂಡರ್ ಪಕ್ಕೆಗೆ ಕಟ್ಟಿಕೊಳ್ಳುವ, ವಾಲ್ವ್ ಎದೆಯ ಹತ್ತಿರವೇ ಸಿಗುವ ಸೈಡ್‌ಮೌಂಟ್ ಕಲಿಯಿರಿ. ಅದು ಕೀಳಲ್ಲ.

ಬಕಲ್ ಹಾಕಿಸಿದ ಮೇಲೆ, ನಿಮ್ಮ ಜೊತೆ ಇಳಿಯುವ ಇಬ್ಬರನ್ನು ದಡದಲ್ಲಿ ಕೂರಿಸಿ. ಕಣ್ಣು ಮುಚ್ಚಿಸಿ. ಅವರ ಕೈ ಆ ಬಕಲನ್ನು ಹುಡುಕಿ ಬಿಚ್ಚುವವರೆಗೆ ಮಾಡಿಸಿ. ಮರುದಿನ ಇನ್ನೊಮ್ಮೆ, ನೀರೊಳಗೆ, ಕೈಗವಸು ಹಾಕಿಸಿ.